ಅಮ್ಮನ ಮಂಡಿ ಆಪರೇಷನ್

ಅಮ್ಮನಿಗೆ ನಮಸ್ಕಾರ. ನಾವೆಲ್ಲ ಕ್ಷೇಮ. ಪುಟ್ಟಿಗೂ ಜ್ವರ ಬಿಟ್ಟಿದೆ.

ಅಣ್ಣನ ಕಾಗದ ಓದಿದ ಮೇಲೆ ನಿದ್ದೆ ಬಂದಿಲ್ಲ. ಡಾಕ್ಟರು ಮಂಡಿ ಬದಲಾಯಿಸಬೇಕು ಅಂದರೆ, 'ಕಾಲು ಕತ್ತರಿಸಿ ಕಬ್ಬಿಣ ಹಾಕ್ತಾರೆ, ಬೇಡವೇ ಬೇಡ' ಅಂತ ಹಟ ಹಿಡಿದಿದ್ದೀಯಂತೆ. ಕಾಲನ್ನು ಯಾರೂ ಕತ್ತರಿಸಲ್ಲ ಅಮ್ಮ. ಮೂಳೆಯ ತುದಿಯಲ್ಲಿ ಸವೆದದ್ದನ್ನು ಕೆಲವೇ ಮಿಲಿಮೀಟರ್ ತೆಗೆದು, ಹಲ್ಲಿಗೆ ಕ್ಯಾಪ್ ಹಾಕಿದ ಹಾಗೆ ಲೋಹ ಕೂರಿಸುತ್ತಾರೆ. ಮಧ್ಯೆ ಗಟ್ಟಿ ಪ್ಲಾಸ್ಟಿಕ್. ಅಷ್ಟೇ. ಚಿಕ್ಕಮ್ಮನಿಗೆ ಆಗಿದ್ದು ಸೊಂಟದ್ದು, ಅದೇ ಬೇರೆ. ಈಗ ಮಾಡುವ ಸೊಂಟದ ಕೀಲು ಬದಲಾವಣೆಗೆ ದಾರಿ ಹಾಕಿದ್ದು ಇಲ್ಲಿ ಇಂಗ್ಲೆಂಡಿನಲ್ಲಿ ನಮ್ಮ ಪಕ್ಕದ ರೈಟಿಂಗ್ಟನ್ ಆಸ್ಪತ್ರೆಯ ಡಾಕ್ಟರ್ ಜಾನ್ ಚಾರ್ನ್ಲಿ, 1962ರಲ್ಲಿ. ಆ ಕಡೆ ಬಸ್ಸು ಹೋದಾಗೆಲ್ಲ ನನಗೇ ಹೆಮ್ಮೆ.

ನಮ್ಮ ವಾರ್ಡಿನಲ್ಲಿ ಬೆಳಿಗ್ಗೆ ಆಪರೇಷನ್ ಆದ ಎಷ್ಟೋ ಜನರನ್ನು ಸಂಜೆಗೇ ವಾಕರ್ ಹಿಡಿಸಿ ನಿಲ್ಲಿಸುತ್ತೇವೆ. ಅದಕ್ಕೂ ಮುಂಚೆ ಟೀ, ಬೆಣ್ಣೆ ಹಚ್ಚಿದ ಟೋಸ್ಟು. ಟೋಸ್ಟು ತಿಂದರೆ ಎಲ್ಲ ಸರಿಹೋಗುತ್ತೆ ಅಂತ ಇಲ್ಲಿಯವರ ನಂಬಿಕೆ! ಮೊನ್ನೆ ಒಬ್ಬರು ಅಜ್ಜಿ, ಮಂಡಿ ಬಾತು ಬಿಗಿದಿದೆ, ಹಿಮ್ಮಡಿಯನ್ನು ಹಾಸಿಗೆಗೆ ಒತ್ತಿ ಕಾಲು ನೆಟ್ಟಗೆ ಮಾಡುವಾಗ ನನ್ನ ಮಣಿಕಟ್ಟು ಬಿಡಲೇ ಇಲ್ಲ. ಆದರೂ ಹತ್ತು ಸಲ ಮಾಡಿದರು. ನೋವು ಇರುತ್ತೆ, ಸುಳ್ಳು ಹೇಳಲ್ಲ. ಆದರೆ ವ್ಯಾಯಾಮ ಬಿಟ್ಟರೆ ಮಂಡಿ ಹಾಗೇ ಬಿಗಿದುಕೊಳ್ಳುತ್ತೆ.

ಕಾಫಿ ಕುಯ್ಲು ಮುಗಿಯಲಿ ಅಂತೀಯಲ್ವಾ? ಆಯ್ತು, ಆದರೆ ಫೆಬ್ರವರಿ ದಾಟಿಸಬೇಡ. ಚೆನ್ನಾಗಿ ಓಡಾಡೋಕೆ ಮೂರು ತಿಂಗಳಾದರೂ ಬೇಕು. ಜೂನ್ ಮಳೆಗೆ ಅಂಗಳ ಪಾಚಿ ಕಟ್ಟುವ ಮುಂಚೆ ನೀನು ಗಟ್ಟಿಯಾಗಿ ನಡೆಯಬೇಕು. ಮೆಣಸು ಕೊಯ್ಸೋದನ್ನು ಅಣ್ಣ ನೋಡಿಕೊಳ್ಳಲಿ. ಅಷ್ಟರೊಳಗೆ ಸಕ್ಕರೆ ಕಂಟ್ರೋಲಿಗೆ ಬರಲಿ, ಆ ಹುಳುಕು ಹಲ್ಲನ್ನೂ ತೋರಿಸು. ಅದರ ಸೋಂಕು ರಕ್ತದಲ್ಲಿ ಹೋಗಿ ಹೊಸ ಕೀಲಿಗೆ ಹತ್ತಬಹುದು. ಆಪರೇಷನ್ ಆದಮೇಲೆ ಮಣೆ ಮೇಲೆ ಕೂತು ರೊಟ್ಟಿ ತಟ್ಟೋದು ಬೇಡ. ಹಿಂದಿನ ಪಾಯಖಾನೆಗೆ ಕಮೋಡ್ ಈಗಲೇ ಹಾಕಿಸಿ.

ದುಡ್ಡಿನ ಯೋಚನೆ ಬಿಡು, ನಾನು ಕಳಿಸುತ್ತೇನೆ. ಮಂಡಿಗೆ ಕೂರಿಸುವ ಕೀಲಿನ (ಇಂಪ್ಲಾಂಟ್) ಬೆಲೆಗೆ ಕೇಂದ್ರ ಸರ್ಕಾರ 2017ರಲ್ಲೇ ಮಿತಿ ಹಾಕಿದೆ. ಬಿಲ್ಲಿನಲ್ಲಿ ಅದನ್ನು ಬೇರೆಯಾಗಿ ಬರೆಸಿಕೊಳ್ಳಲು ಅಣ್ಣನಿಗೆ ಹೇಳು. ಹಾಕಿದ್ದು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ಬರುತ್ತೆ, ಜಾಸ್ತಿಯೂ ಬರಬಹುದು. ಏನೂ ಆಗಲ್ಲ ಅಮ್ಮ, ಖಂಡಿತ ಏನೂ ಆಗಲ್ಲ. ಆಪರೇಷನ್ ಹೊತ್ತಿಗೆ ನಾನೂ ರಜೆ ಹಾಕಿ ಬರುತ್ತೇನೆ.

ಡ್ಯೂಟಿಗೆ ಹೊತ್ತಾಯ್ತು. ಎಕ್ಸ್‌ರೇ ಫೋಟೋ ಇವತ್ತೇ ವಾಟ್ಸಾಪ್ ಮಾಡಿಸು. ಅಪ್ಪ ಬಿಪಿ ಮಾತ್ರೆ ಮರೆಯದಿರಲಿ.

ನಿನ್ನ ಮಗಳು,
ಸುಮ