ಭಿತ್ತಿಪತ್ರ ಪರಿಹಾರವಲ್ಲ

ಮಾನ್ಯರೇ,

ನಾಳೆ ಮಕ್ಕಳಿಗೆ ಪರಿಸರ ಪಾಠ ಹೇಳಬೇಕಾದ ಪ್ರಶಿಕ್ಷಣಾರ್ಥಿಗಳಿಗೆ ಸಮಸ್ಯಾಧಾರಿತ ಕಲಿಕೆಯ (ಸಮಸ್ಯೆಯೊಂದನ್ನು ಮುಂದಿಟ್ಟು, ಅದರ ಕಾರಣ, ಪರಿಹಾರಗಳನ್ನು ಕಲಿಯುವವರೇ ಹುಡುಕುವ ಕ್ರಮ) ಹೆಸರಿನಲ್ಲಿ ಎಷ್ಟೋ ಸಲ ಸಿಗುವುದು ಬರೀ ಪ್ರಾಜೆಕ್ಟ್. 'ರಸಗೊಬ್ಬರದಿಂದ ಕೆರೆ ಮಾಲಿನ್ಯ' ಎಂದು ವಿಷಯ ಕೊಡುತ್ತಾರೆ, ಭಿತ್ತಿಪತ್ರ ಬರೆಸಿ ಅಂಕ ಹಾಕುತ್ತಾರೆ. ಕಾರಣವನ್ನು ಮೊದಲೇ ಹೇಳಿಬಿಟ್ಟ ಮೇಲೆ ಬಿಡಿಸಲು ಉಳಿಯುವುದೇನು? 1969ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯ ವೈದ್ಯಕೀಯ ಶಿಕ್ಷಣದಲ್ಲಿ ಈ ಕ್ರಮ ತಂದಾಗ ವಿದ್ಯಾರ್ಥಿಗಳ ಮುಂದಿಟ್ಟದ್ದು ಕಾಯಿಲೆಯ ಹೆಸರನ್ನಲ್ಲ, ರೋಗಿಯ ತೊಂದರೆಗಳನ್ನು.

'ಕೆರೆಯ ನೀರು ಹಸಿರುಗಟ್ಟಿದೆ, ಬೆಳಗಿನ ಜಾವ ಮೀನುಗಳು ಸತ್ತು ತೇಲುತ್ತಿವೆ.' ಇಷ್ಟು ಕೊಟ್ಟರೆ ಸಾಕು. ಆರರಿಂದ ಎಂಟು ಮಂದಿಯ ಗುಂಪಿರಲಿ. ಚರ್ಚೆ ನಡೆಸಲು ಒಬ್ಬರು, ಬರೆದುಕೊಳ್ಳಲು ಒಬ್ಬರು. ಮೊದಲ ಒಂದೂವರೆ ಗಂಟೆ ಪುಸ್ತಕ, ಫೋನ್ ಎರಡೂ ಬೇಡ. ಗೊತ್ತಿರುವುದು, ಊಹೆ, ತಿಳಿಯಬೇಕಾದದ್ದು ಎಂದು ಹಲಗೆಯ ಮೇಲೆ ಮೂರು ಪಟ್ಟಿ ಮಾಡಲಿ. ಆಮೇಲೆ ಒಂದು ವಾರ ಓದು, ಅಳತೆ. ಮತ್ತೆ ಸೇರಿದಾಗ ನಿಲ್ಲದ ಊಹೆಗಳನ್ನು ಒಂದೊಂದಾಗಿ ಹೊಡೆದುಹಾಕಲಿ.

ಗುಂಪುಗಳು ಹೆಚ್ಚಾಗಿ ಎಡವುವುದು ಅಳತೆಯಲ್ಲಿ. ಅನುಕೂಲವೆಂದು ಮಧ್ಯಾಹ್ನ ನೀರು ಪರೀಕ್ಷಿಸುತ್ತಾರೆ. ಆಗ ಬಿಸಿಲಿಗೆ ಪಾಚಿ ಆಮ್ಲಜನಕ ಬಿಡುತ್ತಿರುತ್ತದೆ. ನೀರಿನಲ್ಲಿ ಕರಗಿದ ಆಮ್ಲಜನಕದ ಪ್ರಮಾಣ ಲೀಟರಿಗೆ 10 ಮಿಲಿಗ್ರಾಂ ದಾಟಿರಲೂಬಹುದು. 'ನೀರು ಚೆನ್ನಾಗಿದೆ' ಎಂದು ಬರೆದುಕೊಂಡು ಬರುತ್ತಾರೆ. ರಾತ್ರಿ ಅದೇ ಪಾಚಿ, ಬ್ಯಾಕ್ಟೀರಿಯಾ ಎಲ್ಲವೂ ಉಸಿರಾಡುತ್ತವೆ, ಹೊಸ ಆಮ್ಲಜನಕ ಹುಟ್ಟುವುದಿಲ್ಲ. ಸೂರ್ಯೋದಯದ ಹೊತ್ತಿಗೆ ಅದು 2 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಬಹಳಷ್ಟು ಮೀನುಗಳು ಉಳಿಯುವುದಿಲ್ಲ. ಬೋಧಕರು ಇದನ್ನು ವಿವರಿಸಲು ಹೊರಟರೆ ಕಲಿಕೆ ಅಲ್ಲಿಗೇ ನಿಂತಿತು. 'ಮೀನು ಸತ್ತದ್ದು ಎಷ್ಟು ಹೊತ್ತಿಗೆ, ನೀವು ಅಳೆದದ್ದು ಎಷ್ಟು ಹೊತ್ತಿಗೆ?' ಎಂದಷ್ಟೇ ಕೇಳಬೇಕು. ಕರಗಿದ ಆಮ್ಲಜನಕವನ್ನು ರಾಸಾಯನಿಕಗಳಿಂದ ಅಳೆಯುವ ವಿಂಕ್ಲರ್ ವಿಧಾನವಾದರೆ ಬಾಟಲಿಯನ್ನು ಗುಳ್ಳೆ ಉಳಿಯದಂತೆ ತುಂಬಿ, ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೋಡೈಡನ್ನು ದಡದಲ್ಲೇ ಸೇರಿಸಬೇಕು. ಇಲ್ಲದಿದ್ದರೆ ಲ್ಯಾಬ್ ತಲುಪುವಷ್ಟರಲ್ಲಿ ಅಂಕಿ ಬದಲಾಗಿರುತ್ತದೆ. (ನಸುಕಿನಲ್ಲಿ ಯಾರನ್ನೂ ಒಂಟಿಯಾಗಿ ನೀರಿನ ಬಳಿ ಕಳಿಸಬಾರದು.)

ಪರಿಹಾರದ ಹಂತದಲ್ಲಿ 'ಜಾಗೃತಿ ಮೂಡಿಸುವುದು' ಎಂಬ ಉತ್ತರ ಒಪ್ಪಲೇಬಾರದು. ಯಾರು ಮಾಡಬೇಕು, ಖರ್ಚೆಷ್ಟು, ಯಾವ ಅಂಕಿ ಎಷ್ಟು ಇಳಿಯಬೇಕು, ಅದನ್ನು ಯಾವಾಗ ಮತ್ತೆ ಅಳೆಯುತ್ತೀರಿ ಎಂದು ಕೇಳಿ. ಗಾಳಿ ಊದುವ ಯಂತ್ರ ಇವತ್ತಿನ ಮೀನು ಉಳಿಸೀತು, ಪಾಚಿಯನ್ನು ಬೆಳೆಸುವ, ಕೆಸರಿನಲ್ಲಿರುವ ರಂಜಕ ಅಲ್ಲೇ ಇರುತ್ತದೆ. ಔಷಧ ಹಾಕಿ ಪಾಚಿಯನ್ನು ಒಮ್ಮೆಲೇ ಕೊಂದರೆ ಅದು ಕೊಳೆಯುವಾಗ ಇದ್ದ ಆಮ್ಲಜನಕವೂ ಹೋಗುತ್ತದೆ.

ಪ್ರಶಿಕ್ಷಣಾರ್ಥಿಗೆ ಇನ್ನೂ ಒಂದು ಕೆಲಸವಿದೆ: ಅದೇ ಸಮಸ್ಯೆಯನ್ನು ಹನ್ನೆರಡು ವರ್ಷದ ಮಕ್ಕಳಿಗೆ ಹೊಂದಿಸುವುದು. ರಾಸಾಯನಿಕಗಳನ್ನು ಬಿಟ್ಟು, ಥರ್ಮಾಮೀಟರ್ ಮತ್ತು 20 ಸೆಂ.ಮೀ. ಅಗಲದ ಕಪ್ಪು-ಬಿಳುಪು ಸೆಕ್ಕಿ ತಟ್ಟೆಯಿಂದ (ನೀರಿಗಿಳಿಸಿ, ಎಷ್ಟು ಆಳದವರೆಗೆ ಕಾಣುತ್ತದೆಂದು ನೋಡಿ ನೀರಿನ ತಿಳಿತನ ಅಳೆಯುವ ತಟ್ಟೆ) ಏನೇನು ತಿಳಿಯಬಹುದೆಂದು ಪ್ರಶಿಕ್ಷಣಾರ್ಥಿಗಳೇ ಯೋಚಿಸಲಿ.

ಇವೆಲ್ಲ ನಡೆಯಬೇಕಾದರೆ ಅಂಕ ಕೊಡುವ ಕ್ರಮ ಬದಲಾಗಬೇಕು. ಕನಿಷ್ಠ ಅರ್ಧದಷ್ಟು ಅಂಕವನ್ನು ಪ್ರತಿಯೊಬ್ಬರ ದಿನಚರಿಗೆ, ಯಾವ ಊಹೆಯನ್ನು ಯಾವ ಪುರಾವೆ ನೋಡಿ ಕೈಬಿಟ್ಟರು ಎಂಬುದಕ್ಕೆ ಮೀಸಲಿಡಬೇಕೆಂದು ಪಠ್ಯಕ್ರಮ ರೂಪಿಸುವವರಲ್ಲಿ ನಮ್ಮ ವಿನಂತಿ.

– ಶಿಕ್ಷಕ ತರಬೇತಿ ಕ್ಷೇತ್ರದ ಬೋಧಕರು