ಮೊಣಕಾಲು ನೋವಿಗೆ ನೀರಿನ ಪರೀಕ್ಷೆಯೂ ಆಗಲಿ

ಮಾನ್ಯ ಸಂಪಾದಕರೇ,

ನಮ್ಮ ತಾಯಿಯವರಿಗೆ ಮೊಣಕಾಲು ಮತ್ತು ಸೊಂಟದ ನೋವು ಶುರುವಾದಾಗ ಮನೆಯವರೆಲ್ಲ ಅದನ್ನು ‘ವಾಯು’ ಎಂದೇ ಕರೆದೆವು. 11 ವರ್ಷ ಶಹಾಪುರ, ಯಾದಗಿರಿ, ಕಲಬುರಗಿ ಎಂದು ಅಲೆದು, ನೋವು ಹೆಚ್ಚಾದಾಗಲೆಲ್ಲ ಸೂಜಿ ಮಾಡಿಸಿಕೊಂಡು, ಉಳಿದ ದಿನಗಳಲ್ಲಿ ಔಷಧಿ ಅಂಗಡಿಯ ಗುಳಿಗೆ ನುಂಗಿಯೇ ಅವರು ಹೊಲ, ಮನೆ ಎರಡನ್ನೂ ನಿಭಾಯಿಸಿದರು. ಅಷ್ಟು ವರ್ಷಗಳಲ್ಲಿ ಯಾವ ನೀರು ಕುಡಿಯುತ್ತೀರಿ ಎಂದು ಯಾರೂ ಕೇಳಲಿಲ್ಲ. ಕೊನೆಗೆ ಕಿರಿಯ ವೈದ್ಯರೊಬ್ಬರು ಮೊಣಕಾಲಿನ ಜೊತೆಗೆ ಮುಂದೋಳಿನ ಎಕ್ಸ್‌ರೇಯನ್ನೂ ತೆಗೆಸಿ, ಎರಡು ಎಲುಬುಗಳ ನಡುವಿನ ಪೊರೆ ಗಟ್ಟಿಯಾಗಿರುವುದನ್ನು ತೋರಿಸಿ, ಮನೆಯ ನೀರನ್ನು ಪರೀಕ್ಷೆಗೆ ಕೊಡಲು ಹೇಳಿದರು. ಹೆಚ್ಚಾದರೆ ಹಲ್ಲು, ಎಲುಬುಗಳನ್ನು ಕೆಡಿಸುವ ಫ್ಲೋರೈಡ್ ಎಂಬ ಲವಣಾಂಶ ನಮ್ಮ ಬೋರಿನ ನೀರಿನಲ್ಲಿ ಮಿತಿ ಮೀರಿತ್ತು.

ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ; ಬೇರೆ ಜಲಮೂಲವೇ ಇಲ್ಲದಿದ್ದಲ್ಲಿ 1.5ರವರೆಗೆ ಸಹಿಸಬಹುದು. ಯಾದಗಿರಿ ಜಿಲ್ಲೆಯ ಬಹುಭಾಗ ಗ್ರಾನೈಟ್ ಕಲ್ಲಿನ ನೆಲ. ಆ ಕಲ್ಲಿನೊಳಗಿನ ಖನಿಜಗಳಿಂದಲೇ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರನ್ನು ಕುದಿಸಿದರೆ ಹೋಗುವುದೂ ಇಲ್ಲ, ಬದಲಿಗೆ ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಕಾಯಿಸಿ ಆರಿಸಿದ ನೀರು ಕುಡಿಯಿರಿ ಎಂದು ನಾನೇ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವನು. ಎದುರಿಗೆ ಕುಳಿತ ಮಕ್ಕಳ ಹಲ್ಲಿನ ಕಂದು ಗೆರೆಗಳನ್ನು ನೋಡಿಯೂ, ಸರಿಯಾಗಿ ಹಲ್ಲುಜ್ಜುವುದಿಲ್ಲವೆಂದು ಗದರಿಸಿದವನೂ ಹೌದು.

ಫ್ಲೋರೈಡಿನಿಂದ ಹಲ್ಲಿನ ಮೇಲೆ ಈ ಕಲೆ ಬೀಳುವುದು ಎಳವೆಯಲ್ಲಿ, ಹಲ್ಲು ರೂಪುಗೊಳ್ಳುವ ವರ್ಷಗಳಲ್ಲಿ ಮಾತ್ರ. ನಮ್ಮ ತಾಯಿಯ ತವರು ಭೀಮಾ ನದಿಯ ದಂಡೆಯ ಊರು. ಹೊಳೆ ನೀರು ಕುಡಿದು ಬೆಳೆದ ಅವರ ಹಲ್ಲು ಇಂದಿಗೂ ಬೆಳ್ಳಗಿದೆ. ಹೀಗೆ ಬೇರೆ ಊರಿಂದ ಸೊಸೆಯಾಗಿ ಬಂದ ಹೆಣ್ಣುಮಕ್ಕಳಲ್ಲಿ ಹಲ್ಲು ಸುಳಿವು ಕೊಡುವುದಿಲ್ಲ, ಎಲುಬು ಮಾತ್ರ ಒಳಗೊಳಗೇ ಬಿಗಿಯುತ್ತಾ ಹೋಗುತ್ತದೆ. ಇದಕ್ಕಿಂತ ಕೆಟ್ಟ ಸಂಗತಿಯೆಂದರೆ, ಮೈಗೆ ಸೇರಿದ ಫ್ಲೋರೈಡನ್ನು ಹೊರಹಾಕುವ ಕೆಲಸ ಮುಖ್ಯವಾಗಿ ಮೂತ್ರಪಿಂಡದ್ದು. ವರ್ಷಗಟ್ಟಲೆ ನುಂಗಿದ ನೋವಿನ ಗುಳಿಗೆಗಳು ಹಾನಿ ಮಾಡುವುದೂ ಅದೇ ಮೂತ್ರಪಿಂಡಕ್ಕೆ. ಮೂತ್ರಪಿಂಡ ಸೋತರೆ ಎಲುಬಿನಲ್ಲಿ ಉಳಿಯುವ ಫ್ಲೋರೈಡ್ ಇನ್ನಷ್ಟು ಹೆಚ್ಚುತ್ತದೆ, ನೋವು ಹೆಚ್ಚುತ್ತದೆ, ಗುಳಿಗೆಯೂ ಹೆಚ್ಚುತ್ತದೆ.

ಮೊಣಕಾಲು ನೋವೆಲ್ಲ ನೀರಿನಿಂದಲೇ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ವಯಸ್ಸು, ತೂಕ, ಸಂಧಿವಾತ ಎಲ್ಲವೂ ಕಾರಣವಾಗಬಲ್ಲವು. ಆದರೆ ಒಂದೇ ಓಣಿಯ ನಾಲ್ಕಾರು ಮನೆಗಳವರು ಒಂದೇ ನೋವನ್ನು ಹೇಳಿಕೊಂಡು ಬಂದಾಗ ಓಣಿಯ ಬೋರಿನ ಕಡೆ ಕಣ್ಣು ಹಾಯಿಸುವುದು ಕಷ್ಟದ ಕೆಲಸವಲ್ಲ. ನಮ್ಮ ಜಿಲ್ಲೆಯದೇ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಪತ್ತೆಯಾದ ಮೇಲಾದರೂ ಈ ಎಚ್ಚರ ನಮ್ಮಲ್ಲಿ ಮೂಡಬೇಕಿತ್ತು. ಫ್ಲೋರೈಡಿನಿಂದ ಬರುವ ಈ ಕಾಯಿಲೆಯ, ಅಂದರೆ ಫ್ಲೋರೋಸಿಸ್‌ನ, ತಡೆಗೆಂದೇ ಕೇಂದ್ರ ಸರ್ಕಾರ 2008–09ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದೆ. ನೀರಿನ ಪರೀಕ್ಷೆ ಒಂದು ಇಲಾಖೆಯದು, ರೋಗಿಯ ಚೀಟಿ ಇನ್ನೊಂದು ಇಲಾಖೆಯದು; ಎರಡೂ ಒಂದೇ ಮೇಜಿನ ಮೇಲೆ ಬಂದದ್ದನ್ನು ನಮ್ಮ ಅಲೆದಾಟದಲ್ಲಿ ಎಲ್ಲಿಯೂ ಕಾಣಲಿಲ್ಲ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಅದರ ವ್ಯಾಪ್ತಿಯ ಬೋರುಗಳ ಫಲಿತಾಂಶವನ್ನು ಬರೆಸಬೇಕು ಮತ್ತು ಬಹುಕಾಲದ ಕೀಲುನೋವಿನವರಿಗೆ ಮೂತ್ರದ ಫ್ಲೋರೈಡ್ ಪರೀಕ್ಷೆ ಮಾಡಿಸಬೇಕು ಎಂದು ಜಿಲ್ಲಾಡಳಿತವನ್ನು ಕೋರುತ್ತೇನೆ.

ಇನ್ನು ಶುದ್ಧ ನೀರಿನ ಘಟಕಗಳ ಮಾತು. ಘಟಕದ ನೀರು ಕುಡಿಯಲು ಮಾತ್ರ, ಅಡುಗೆಗೆ ಬೋರಿನದೇ ಎಂಬುದು ನಮ್ಮ ಕಡೆಯ ರೂಢಿ. ರೊಟ್ಟಿಯ ಹಿಟ್ಟು, ತೊಗರಿ ಬೇಳೆ ಎಲ್ಲವೂ ಅದೇ ನೀರನ್ನು ಹೀರುತ್ತವೆ. ನೀರಿನ ಪರೀಕ್ಷೆಯಾದ ಮೇಲೆ ನಾವು ಅಡುಗೆಗೂ ಘಟಕದ ನೀರನ್ನೇ ತರುತ್ತಿದ್ದೆವು. ಎರಡು ತಿಂಗಳಿಂದ ನಮ್ಮೂರಿನ ಘಟಕಕ್ಕೆ ಬೀಗ ಬಿದ್ದಿದೆ. ಶೋಧಕ ಪೊರೆ ಬದಲಿಸಬೇಕು, ಅದಕ್ಕೆ ಅನುದಾನ ಬಂದಿಲ್ಲ ಎನ್ನುತ್ತಾರೆ. ತಾಯಿಯವರು ಮತ್ತೆ ಬೋರಿನ ಕೊಡವನ್ನೇ ಒಲೆಯ ಪಕ್ಕ ಇಟ್ಟುಕೊಂಡಿದ್ದಾರೆ.

– ನಿವೃತ್ತ ಶಿಕ್ಷಕ, ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ