ಚೀಲದಲ್ಲೇ ಉಳಿದ ತೊಗರಿ ಗಿಡ

ಕಲಬುರಗಿ

ಚಿರಂಜೀವಿ ಮಗಳಿಗೆ ಕಾಕಾನ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದೇ ಮನಸ್ಸಿನಲ್ಲಿ ಕೂತಿದೆ. ಬೆಂಗಳೂರಿನವರ ಜೊತೆಗಿನ ವಿಸಿಯಲ್ಲಿ (ವಿಡಿಯೊ ಸಭೆಯಲ್ಲಿ) ಹೇಳಬೇಕಾದ್ದು ಗೊತ್ತಿದ್ದೂ ಸುಮ್ನೆ ಕೂತೆ, ಹತ್ತು ನಿಮಿಷದ ಮೇಲೆ ಇನ್ನೊಬ್ಬರು ಅದನ್ನೇ ಹೇಳಿ ಶಹಬ್ಬಾಸ್ ಅನ್ನಿಸಿಕೊಂಡರು ಅಂದೆ. ಅದಕ್ಕೇ ಈ ಕಾಗದ.

ನಾನೂ ಹಾಗೇ ಕೂತವನು, ಅವ್ವಾ. ಆಗ ಕೆಲಸಕ್ಕೆ ಸೇರಿ ಎರಡನೇ ವರ್ಷ. ಆಳಂದ ಕಡೆಯ ಹೊಲಗಳಲ್ಲಿ ತೊಗರಿ ಹೂ ಬಿಡುವ ಹೊತ್ತಿಗೇ ಒಣಗುತ್ತಿತ್ತು. ನೀರು ಸಾಲದೆ ಹೀಗಾಗಿದೆ ಅಂತ ಸಭೆಯಲ್ಲಿ ಎಲ್ಲರೂ ಅಂದರು. ನಾನು ಅವತ್ತೇ ಬೆಳಿಗ್ಗೆ ಒಂದು ಗಿಡ ಕಿತ್ತು ಕಾಂಡ ಸೀಳಿ ನೋಡಿದ್ದೆ. ಒಳಗೆ ಉದ್ದಕ್ಕೂ ಕಪ್ಪು ಗೆರೆ. ನೆಟೆ ರೋಗ. ಬೇರಿನಿಂದ ಹತ್ತಿದ ಶಿಲೀಂಧ್ರ ಗಿಡದೊಳಗೆ ನೀರಿನ ದಾರಿಯನ್ನೇ ಕಟ್ಟುತ್ತದೆ, ನೆಲ ಹಸಿಯಿದ್ದರೂ ಗಿಡ ಸೊರಗುತ್ತದೆ. ಆ ಗಿಡ ನನ್ನ ಕಾಲ ಬಳಿ ಚೀಲದಲ್ಲಿತ್ತು. ಕೈ ಎರಡು ಸಲ ಚೀಲದ ಬಾಯಿ ತನಕ ಹೋಯಿತು. ತೆಗೆಯಲಿಲ್ಲ. ಬೆಂಗಳೂರಿನಿಂದ ಬಂದ ಸಾಹೇಬರು ನನ್ನ ಮಾತು ಕೇಳಿ ನಕ್ಕಾರು ಅಂತ ಹೆದರಿದೆ. ಮರುವರ್ಷವೂ ಆ ಹೊಲಕ್ಕೆ ತೊಗರಿಯೇ ಬಿತ್ತು. ರೋಗ ಮಣ್ಣಲ್ಲೇ ಕೂತಿತ್ತು. ಬೆಳೆ ಬದಲಿಸಿ ಜೋಳ ಹಾಕಿ ಅಂತ ಹೇಳಬೇಕಾದವನು ನಾನು, ಅಲ್ವಾ?

ಅಲ್ಲಿಂದ ಒಂದು ರೂಢಿ ಮಾಡಿಕೊಂಡೆ. ಸಭೆಗೆ ಮುಂಚೆ ಚೀಟಿಯಲ್ಲಿ ಎರಡೇ ಸಾಲು ಬರೆದುಕೊಳ್ಳುವುದು. ಕಣ್ಣಾರೆ ಕಂಡಿದ್ದು ಏನು, ಈಗ ಆಗಬೇಕಾದ್ದು ಏನು. ನೀನೂ ಊರ ಹೆಸರು, ಎಷ್ಟು ಎಕರೆ, ಯಾವ ತಳಿ, ಇದರಿಂದಲೇ ಮಾತು ಶುರು ಮಾಡು. "ನನಗನ್ನಿಸುತ್ತೆ" ಅಂದರೆ ಯಾರಾದರೂ ತಳ್ಳಿಹಾಕಬಹುದು. "ನಿನ್ನೆ ಹೊಲದಲ್ಲಿ ನೋಡಿದೆ" ಅಂದರೆ ಮುಂದಿನ ಪ್ರಶ್ನೆ ನಿನಗೇ ಬರುತ್ತದೆ. ಮೊದಲ ಹತ್ತು ನಿಮಿಷದೊಳಗೇ ಬಾಯಿ ಬಿಡು, ಒಂದು ಪ್ರಶ್ನೆ ಕೇಳಿದರೂ ಸಾಕು. ತಡವಾದಷ್ಟೂ ಎದೆ ಜಾಸ್ತಿ ಹೊಡೆದುಕೊಳ್ಳುತ್ತದೆ. ನಡುವೆ ಯಾರಾದರೂ ಬಾಯಿ ಹಾಕಿದರೆ, "ಸರ್, ಒಂದ್ನಿಮಿಷ, ಮುಗಿಸಿಬಿಡ್ತೀನಿ" ಅನ್ನು.

ಇನ್ನು ನಿನ್ನ ಕನ್ನಡ. 'ಹಂಗ', 'ಹಿಂಗ' ಅಂದರೆ ಆ ಕಡೆಯವರು ನಗ್ತಾರೆ ಅಂದೆಯಲ್ಲ, ಕೇಳಿ ತುಂಬಾ ನೋವಾಯಿತು. ಯಾದಗಿರಿಯ ರೈತ ನಿನ್ನ ಮುಂದೆ ಮನಸ್ಸು ಬಿಚ್ಚುವುದು ಅದೇ ಮಾತಿನಲ್ಲಿ. ಅವನ ಕಷ್ಟ ಬೆಂಗಳೂರಿಗೆ ಮುಟ್ಟಿಸಬೇಕಾದವಳು ನೀನು. ಮಾತು ತಿದ್ದುತ್ತಾ ಕೂತರೆ ಹೇಳಬೇಕಾದ್ದೇ ಮರೆತುಹೋಗುತ್ತದೆ. ಬಾಯಿಗೆ ಬಂದ ಹಾಗೆ, ನಿಧಾನಕ್ಕೆ ಹೇಳು.

ಸೋಮವಾರ ವಿಸಿ ಮುಗಿದ ಕೂಡಲೇ ಫೋನ್ ಮಾಡು, ಏನು ಹೇಳಿದೆ ಅಂತ ಪೂರಾ ಕೇಳಬೇಕು. ನಿನ್ನ ಕಾಕಿ ಶೇಂಗಾ ಹಿಂಡಿ ಕುಟ್ಟಿಟ್ಟಿದ್ದಾಳೆ, ಬಸ್ಸಿಗೆ ಕೊಟ್ಟು ಕಳಿಸುತ್ತೇನೆ.

ನಿನ್ನ ಕಾಕಾ